ಲೈಪ್‌ಜಿಗ್‌ನಿಂದ ಶಿವಮೊಗ್ಗಕ್ಕೆ: ಮನಃಶಾಸ್ತ್ರದ ಪದವಿ ತರಗತಿಯಲ್ಲಿ ಕಲಿಯುವುದೇನು?

ಜುಲೈ ತಿಂಗಳ ಒಂದು ಮಧ್ಯಾಹ್ನ, ಶಿವಮೊಗ್ಗದ ಕಾಲೇಜೊಂದರ ಮನಃಶಾಸ್ತ್ರ ಪ್ರಯೋಗಾಲಯ. ಮಳೆ ಹಿಡಿದು ಮೂರು ದಿನವಾಗಿದೆ. ಕಿಟಕಿಯ ಸರಳುಗಳಲ್ಲಿ ಒದ್ದೆ ಕೊಡೆಗಳು ತೂಗುತ್ತಿವೆ. ಬೆಂಚಿನ ಮೇಲೆ ಲೋಹದ ಹಲಗೆಯೊಂದಿದ್ದು, ಅದರ ಮೇಲೆ ಜೋಡಿಗೆರೆಯ ನಕ್ಷತ್ರವಿದೆ. ಎದುರಿಗೆ ಕನ್ನಡಿ. ಹೊಸನಗರದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗಿ ಕಡ್ಡಿ ಹಿಡಿದು ಕುಳಿತಿದ್ದಾಳೆ. ಅವಳ ಕೈ ಅವಳಿಗೆ ನೇರವಾಗಿ ಕಾಣದಂತೆ ಅಡ್ಡಪಟ್ಟಿ ಇಟ್ಟಿದ್ದಾರೆ. ಕನ್ನಡಿಯಲ್ಲಿ ನೋಡಿಕೊಂಡೇ ಎರಡು ಗೆರೆಗಳ ನಡುವೆ ಕಡ್ಡಿಯನ್ನು ಓಡಿಸಬೇಕು. ಅಂಚಿಗೆ ತಗುಲಿದಾಗಲೆಲ್ಲ ಎಣಿಕೆಯ ಪೆಟ್ಟಿಗೆ ಟಿಕ್ ಎನ್ನುತ್ತದೆ.

ಮೊದಲು ಎಡಗೈ: ಅರವತ್ತೊಂದು ತಪ್ಪು. ಮೇಲಕ್ಕೆ ಹೋಗಬೇಕೆಂದರೆ ಕೈ ಕೆಳಕ್ಕೆ ಹೋಗುತ್ತದೆ, ಮೂಲೆ ಬಂದಲ್ಲಿ ಅಲುಗಾಡದೆ ನಿಂತುಬಿಡುತ್ತದೆ. ಆಮೇಲೆ ಬಲಗೈಯಲ್ಲಿ ಹತ್ತು ಸುತ್ತು ಅಭ್ಯಾಸ. ಕೊನೆಗೆ ಮತ್ತೆ ಎಡಗೈ: ಇಪ್ಪತ್ನಾಲ್ಕು ತಪ್ಪು. ನಡುವೆ ಎಡಗೈ ಏನೂ ಮಾಡಿರಲಿಲ್ಲ, ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಬಲಗೈ ಕಲಿತದ್ದು ಎಡಗೈಗೆ ದಾಟಿದ್ದು ಹೇಗೆ? ಜೊತೆಗಾತಿ ಅಂಕಿಗಳನ್ನು ಕೋಷ್ಟಕಕ್ಕೆ ಇಳಿಸುತ್ತಾಳೆ. ಮುಂದಿನ ವಾರ ಇಬ್ಬರೂ ಜಾಗ ಬದಲಿಸುತ್ತಾರೆ.

ಮನಃಶಾಸ್ತ್ರ ಓದುತ್ತೇನೆಂದು ಮನೆಯಲ್ಲಿ ಹೇಳಿದ ಮಕ್ಕಳಿಗೆ ಮೊದಲು ಎದುರಾಗುವ ಪ್ರಶ್ನೆ, "ಹಾಗಾದರೆ ನನ್ನ ಮನಸ್ಸಿನಲ್ಲಿ ಏನಿದೆ ಹೇಳು ನೋಡೋಣ" ಎಂಬುದು. ಮದುವೆಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಅಡಿಕೆ ಚಪ್ಪರದ ಕೆಳಗೆ, ಎಲ್ಲೆಲ್ಲೂ ಇದೇ ಪ್ರಶ್ನೆ. ಕೇಳುವವರ ತಪ್ಪೇನಿಲ್ಲ. ಆದರೆ ಆ ಹುಡುಗಿಯ ಮೂರು ವರ್ಷಗಳು ಹೋಗುವುದು ಬೇರೆಯದೇ ಕೆಲಸಕ್ಕೆ. ತನಗೆ ಹೊಳೆದದ್ದು ನಿಜವೇ ಎಂದು ಪರೀಕ್ಷಿಸುವುದನ್ನು ಅವಳು ಕಲಿಯುತ್ತಾಳೆ. ಮನಸ್ಸಿನ ಪಾಠಕ್ಕೆ ಕನ್ನಡಿ, ಕಡ್ಡಿ, ಎಣಿಕೆಯ ಪೆಟ್ಟಿಗೆ ಏಕೆ ಬಂದವು ಎಂದು ಕೇಳಿದರೆ ಜರ್ಮನಿಯಿಂದಲೇ ಹೇಳಿಕೊಂಡು ಬರಬೇಕು.

1879ರಲ್ಲಿ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಮನಸ್ಸಿನ ಅಧ್ಯಯನಕ್ಕೆಂದೇ ಪ್ರಯೋಗಾಲಯ ತೆರೆದರು. ಅಲ್ಲಿಯವರೆಗೆ ಮನಸ್ಸು ತತ್ತ್ವಜ್ಞಾನಿಗಳ ಪಾಲಿನದಾಗಿತ್ತು. ವುಂಟ್ ಅದನ್ನು ಗಡಿಯಾರದ ಮುಂದೆ ಕೂರಿಸಿದರು. ಶಬ್ದ ಕೇಳಿದ ಎಷ್ಟು ಹೊತ್ತಿಗೆ ಗುಂಡಿ ಒತ್ತುತ್ತೀರಿ, ಆಗ ಒಳಗೆ ಏನನ್ನಿಸಿತು ಎಂದು ಕೇಳಿದರು. ಅವರ ಬಳಿ ಡಾಕ್ಟರೇಟ್ ಪಡೆದ ಇಂಗ್ಲಿಷಿನವ ಚಾರ್ಲ್ಸ್ ಸ್ಪಿಯರ್‌ಮನ್, ಬುದ್ಧಿಶಕ್ತಿಯನ್ನು ಅಳೆಯುವ ಗಣಿತಕ್ಕೆ ಹೆಸರಾದರು. ಲಂಡನ್ನಿನಲ್ಲಿ ಅದೇ ಸ್ಪಿಯರ್‌ಮನ್ ಬಳಿ ಕಲಿತವರು ಎಂ.ವಿ. ಗೋಪಾಲಸ್ವಾಮಿ. ಅವರ ಸಂಶೋಧನೆಯ ವಿಷಯವೂ ಕೈಚಲನೆಯ ಕಲಿಕೆ ಮತ್ತು ಅದರಲ್ಲಿ ಬುದ್ಧಿಯ ಪಾತ್ರ.

ಇತ್ತ ಕಲ್ಕತ್ತದಲ್ಲಿ 1905ರಷ್ಟು ಹಿಂದೆಯೇ ಪ್ರಾಯೋಗಿಕ ಮನಃಶಾಸ್ತ್ರದ ಪಠ್ಯಕ್ರಮ ರೂಪಿಸಿದ್ದವರು ಬ್ರಜೇಂದ್ರನಾಥ ಶೀಲ್. 1920ರ ದಶಕದಲ್ಲಿ ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಅವರ ಕಾಲದಲ್ಲೇ, 1924ರಲ್ಲಿ, ಮೈಸೂರಿನಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ನಡೆಸಿದವರು ಗೋಪಾಲಸ್ವಾಮಿ. ಕನ್ನಡಿಗರಲ್ಲಿ ಹೆಚ್ಚಿನವರು ಅವರನ್ನು ಬಲ್ಲದ್ದು ಬೇರೊಂದು ಕಾರಣಕ್ಕೆ. 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಹೆಸರಿನಲ್ಲಿ ರೇಡಿಯೋ ಪ್ರಸಾರ ಆರಂಭಿಸಿದವರು ಅವರೇ. ಬಾನುಲಿಯ ಕೀರ್ತಿಯ ಎದುರು ಅವರ ಮನಃಶಾಸ್ತ್ರದ ಕೆಲಸ ಮಸುಕಾಗಿ ಹೋದದ್ದು ನನಗೆ ಬೇಸರದ ಸಂಗತಿ.

1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟುವವರೆಗೆ ಶಿವಮೊಗ್ಗದ ಕಾಲೇಜುಗಳು ಮೈಸೂರಿಗೇ ಸೇರಿದ್ದವು. ವುಂಟ್, ಸ್ಪಿಯರ್‌ಮನ್, ಗೋಪಾಲಸ್ವಾಮಿ, ಮೈಸೂರಿನಲ್ಲಿ ಓದಿ ಮಲೆನಾಡಿಗೆ ಬಂದ ಅಧ್ಯಾಪಕರು: ಒಂದು ಗುರುಪರಂಪರೆಯೇ ಇದು. ಅದರ ಗುರುತು ಇಂದಿಗೂ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕದಲ್ಲಿ ಉಳಿದಿದೆ. ಉದ್ದೇಶ, ಸಾಮಗ್ರಿ, ವಿಧಾನ, ಕೋಷ್ಟಕ ಎಲ್ಲ ಬರೆದ ಮೇಲೆ 'ಅಂತರವಲೋಕನ ವರದಿ' ಎಂಬ ತಲೆಬರಹ ಬರುತ್ತದೆ. ಪ್ರಯೋಗಕ್ಕೆ ಕುಳಿತವರು ತಮಗೆ ಏನನ್ನಿಸಿತೆಂದು ನಾಲ್ಕು ಸಾಲು ಬರೆಯಬೇಕು. ಅದು ವುಂಟ್ ಕಾಲದ ಪದ್ಧತಿ. 1913ರಲ್ಲಿ ಅಮೆರಿಕದ ಜಾನ್ ವಾಟ್ಸನ್, ಒಳಗೆ ಅನ್ನಿಸಿದ್ದನ್ನು ನಂಬಬೇಡಿ, ಹೊರಗೆ ಕಾಣುವ ವರ್ತನೆಯನ್ನಷ್ಟೇ ಎಣಿಸಿ ಎಂದು ಪಟ್ಟು ಹಿಡಿದರು. ದಶಕಗಟ್ಟಲೆ ನಡೆದ ಆ ಜಗಳದ ಎರಡೂ ಕಡೆಯವರು ನಮ್ಮ ಮಕ್ಕಳ ರೆಕಾರ್ಡಿನಲ್ಲಿ ಎದುರುಬದುರು ಪುಟಗಳಲ್ಲಿ ಕುಳಿತಿದ್ದಾರೆ: ಒಂದರಲ್ಲಿ ತಪ್ಪುಗಳ ಲೆಕ್ಕ, ಇನ್ನೊಂದರಲ್ಲಿ ಮನಸ್ಸಿನ ಮಾತು.

ಕನ್ನಡಿಯ ನಕ್ಷತ್ರಕ್ಕೆ ಇನ್ನೂ ದೊಡ್ಡದೊಂದು ಕಥೆಯಿದೆ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ವಿಪರೀತ ಮೂರ್ಛೆರೋಗವಿತ್ತು. 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಮಿದುಳಿನ ಎರಡೂ ಪಾರ್ಶ್ವಗಳಿಂದ ಹಿಪೊಕ್ಯಾಂಪಸ್ ಎಂಬ ಅಂಗದ ದೊಡ್ಡ ಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಆತನಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಆತನಿಗೆ ಕನ್ನಡಿ ನೋಡಿ ನಕ್ಷತ್ರ ಬರೆಯಲು ಕೊಟ್ಟರು. ಮೂರು ದಿನಗಳಲ್ಲಿ ಆತನ ಕೈ ಪಳಗಿತು, ತಪ್ಪುಗಳು ಇಳಿದವು. ಆದರೆ ಇಂಥದ್ದನ್ನು ಹಿಂದೆ ಮಾಡಿದ ನೆನಪೇ ಆತನಿಗಿರಲಿಲ್ಲ. ಕೈ ಕಲಿತಿತ್ತು, ಕಲಿತದ್ದು ಆತನಿಗೆ ಗೊತ್ತಿರಲಿಲ್ಲ. ನೆನಪೆಂಬುದು ಒಂದೇ ಕಣಜವಲ್ಲ, ಸೈಕಲ್ ತುಳಿಯುವ ನೆನಪು ಬೇರೆ, ನಿನ್ನೆ ಯಾರು ಬಂದಿದ್ದರೆಂಬ ನೆನಪು ಬೇರೆ ಎಂಬುದು ಹೀಗೆ ತಿಳಿಯಿತು. ಮರೆವಿನ ಕಾಯಿಲೆಯ ಅಜ್ಜಿ ಮೊಮ್ಮಕ್ಕಳ ಹೆಸರು ಮರೆತರೂ ಅಡಿಕೆ ಸುಲಿಯುವ ಕತ್ತಿಯ ಮುಂದೆ ಕೂರಿಸಿದರೆ ಸಲೀಸಾಗಿ ಸುಲಿಯುವುದುಂಟು. ಈ ಪಾಠ ಕೇಳಿದ ಮೇಲೆ ಅದನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಇದರ ನಡುವೆ ಸಂಖ್ಯಾಶಾಸ್ತ್ರ ಬರುತ್ತದೆ. ಗಣಿತ ಬೇಡವೆಂದೇ ಕಲಾ ವಿಭಾಗಕ್ಕೆ ಬಂದ ಮಕ್ಕಳು ಮಾನಕ ವಿಚಲನೆ, ಸಹಸಂಬಂಧ ಎಂದೊಡನೆ ಕಂಗೆಡುತ್ತಾರೆ. ಆದರೆ ಇದನ್ನು ಬಿಟ್ಟರೆ ಈ ವಿಷಯಕ್ಕೆ ಬೆನ್ನೆಲುಬಿಲ್ಲ. ಅರವತ್ತೊಂದು ಇಪ್ಪತ್ನಾಲ್ಕಕ್ಕೆ ಇಳಿದದ್ದು ಆಕಸ್ಮಿಕವೋ ನಿಜವಾದ ಕಲಿಕೆಯೋ ಎಂದು ಹೇಳಲು ಬೇರೆ ದಾರಿಯಿಲ್ಲ. 2015ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ ಮನಃಶಾಸ್ತ್ರದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಸುಮಾರು 36ರಲ್ಲಿ ಮಾತ್ರ ಫಲಿತಾಂಶ ಅಂಕಿಅಂಶಗಳ ಒರೆಗೆ ನಿಂತಿತು. ಇದನ್ನು ಮುಚ್ಚಿಡದೆ ಪದವಿ ತರಗತಿಯಲ್ಲೇ ಹೇಳಿಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಳತೆಗೋಲು ಯಾರದ್ದು ಎಂಬ ಪ್ರಶ್ನೆಯೂ ಇದೆ. ಪಠ್ಯದಲ್ಲಿ ಬರುವ ಬಹುಪಾಲು ಪ್ರಯೋಗಗಳು ಅಮೆರಿಕ, ಯುರೋಪಿನ ಕಾಲೇಜು ಹುಡುಗರ ಮೇಲೆ ನಡೆದವು. ಅಲ್ಲಿನವರಿಗೆ ಹೊಲಿದ ಅಂಗಿ ಒಂಟಿಮನೆಯಲ್ಲಿ, ಕೂಡುಕುಟುಂಬದಲ್ಲಿ ಬೆಳೆದ ಸಾಗರದ ಹುಡುಗನಿಗೆ ಸರಿಹೋದೀತೆ? ನಮ್ಮಲ್ಲಿ ಇದನ್ನು ಬಹಳ ಮೊದಲೇ ಯೋಚಿಸಿದವರಿದ್ದರು. 1930ರ ದಶಕದಲ್ಲಿ ಧಾರವಾಡದ ವಿ.ವಿ. ಕಾಮತ್, ಫ್ರಾನ್ಸಿನಲ್ಲಿ ಹುಟ್ಟಿದ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ನೆನಪಿನ ಪ್ರಯೋಗಕ್ಕೆ ಬೇಕಾದ ಅರ್ಥವಿಲ್ಲದ ಪದಗಳನ್ನು ಕನ್ನಡದಲ್ಲಿ ಕಟ್ಟಲು ಕುಳಿತವರಿಗೆ ಈ ಕಷ್ಟ ಗೊತ್ತು. 1885ರಲ್ಲಿ ಪ್ರಕಟವಾದ ನೆನಪಿನ ಅಧ್ಯಯನಕ್ಕಾಗಿ ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಎರಡು ವ್ಯಂಜನಗಳ ನಡುವೆ ಒಂದು ಸ್ವರವಿಟ್ಟು ಸಾವಿರಾರು ಪದ ಮಾಡಿಕೊಂಡರು. ಕನ್ನಡದಲ್ಲಿ ಎರಡಕ್ಷರ ಸೇರಿಸಿದರೆ ಸಾಕು, ಅದು ಯಾವುದೋ ಊರಿನ ಹೆಸರೋ ಸೊಪ್ಪಿನ ಹೆಸರೋ ಆಗಿಬಿಡುತ್ತದೆ.

ಮೂರನೆಯ ವರ್ಷದಲ್ಲಿ ಮನೋರೋಗಗಳ ಪಾಠ ಬಂದಾಗ ತರಗತಿ ಗಂಭೀರವಾಗುತ್ತದೆ. ಲಕ್ಷಣಗಳ ಪಟ್ಟಿ ಓದುತ್ತ ಓದುತ್ತ ಅದೆಲ್ಲ ತನಗೇ ಇದೆ ಎಂದು ಹೆದರುವವರಿದ್ದಾರೆ. ಮನೆಯಲ್ಲಿ ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸಿದ್ದ ಚಿಕ್ಕಪ್ಪನನ್ನು ನೆನೆದು ಸುಮ್ಮನಾಗುವವರೂ ಇದ್ದಾರೆ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗ ಇರುವವರನ್ನು ಗುರುತಿಸಿ ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಔಷಧ ಪಡೆದವರು ದಿನನಿತ್ಯದ ಬಾಳಿಗೆ ಮರಳುವ ಶಕ್ತಿ ಪಡೆದುಕೊಂಡರು. ಪಡೆಯದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಶಿವಮೊಗ್ಗದಲ್ಲೇ ಇದ್ದು ಭಾಷಣ, ಬರಹಗಳ ಮೂಲಕ ಮನೋರೋಗದ ಬಗೆಗಿನ ಅಂಜಿಕೆ ಕಳೆಯಲು ಶ್ರಮಿಸಿದ ಮನೋವೈದ್ಯ ಡಾ. ಕೆ.ಎ. ಅಶೋಕ್ ಪೈ 2016ರಲ್ಲಿ ತೀರಿಕೊಂಡರು. ಅವರ ಹೆಸರಿನ ಕಾಲೇಜು ಊರಿನಲ್ಲಿದೆ.

ಒಂದು ಮಾತನ್ನು ಮಾತ್ರ ಪೋಷಕರಿಗೆ ಬಿಡಿಸಿ ಹೇಳಲೇಬೇಕು. ಮನೋವೈದ್ಯರಾಗಲು ಎಂ.ಬಿ.ಬಿ.ಎಸ್. ಮುಗಿಸಿ ಮುಂದೆ ಓದಬೇಕು. ಚಿಕಿತ್ಸಾ ಮನಃಶಾಸ್ತ್ರಜ್ಞರಾಗಲು ಸ್ನಾತಕೋತ್ತರ ಮಟ್ಟದ ಓದಿನ ಜೊತೆಗೆ ಆಸ್ಪತ್ರೆಯ ತರಬೇತಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಮೂರು ವರ್ಷದ ಪದವಿ ಪತ್ರ ಗೋಡೆಗೆ ತೂಗುಹಾಕಿ ಆಪ್ತಸಮಾಲೋಚನೆಗೆ ಕೂರುವುದು ಅಪಾಯ. ಬಂದವರಿಗೂ ಅಪಾಯ, ಕೂತವರಿಗೂ ಅಪಾಯ.

ಪ್ರಯೋಗಾಲಯದಲ್ಲಿ ಕರೆಂಟು ಹೋಯಿತು. ಎಣಿಕೆಯ ಪೆಟ್ಟಿಗೆ ಸುಮ್ಮನಾಯಿತು. ಹುಡುಗಿ ಕಿಟಕಿಯ ಬೆಳಕಿಗೆ ಕುರ್ಚಿ ಸರಿಸಿ ಅಂತರವಲೋಕನ ವರದಿ ಬರೆಯತೊಡಗಿದಳು. ಇಣುಕಿ ನೋಡಲು ಅನುಮತಿ ಕೇಳಿದೆ, ಕೊಟ್ಟಳು. "ಮೊದಲ ಸುತ್ತಿನಲ್ಲಿ ಕೈ ನನ್ನದಲ್ಲ ಎನ್ನಿಸಿತು. ಬಹಳ ಹೊತ್ತು ತೆಗೆದುಕೊಂಡೆ ಎಂದುಕೊಂಡಿದ್ದೆ, ಗಡಿಯಾರದಲ್ಲಿ ಎರಡೇ ನಿಮಿಷವಾಗಿತ್ತು. ಕೊನೆಯ ಸುತ್ತಿನಲ್ಲಿ ಎಡಗೈಗೆ ದಾರಿ ಹೇಗೆ ಗೊತ್ತಾಯಿತೆಂದು ನನಗೆ ತಿಳಿಯಲಿಲ್ಲ."