ದಣಿದ ಕೊಂಡಿಯ ಲೆಕ್ಕ

ಅಂಗೋಲಾ ಕರಾವಳಿಯಾಚೆ, ಸುಮಾರು 1,400 ಮೀಟರ್ ಆಳದ ಕಡಲಿನಲ್ಲಿ ಜಿರಾಸೋಲ್ ಎಂಬ ಎಣ್ಣೆ ನಿಕ್ಷೇಪವಿದೆ. ಪೋರ್ಚುಗೀಸಿನಲ್ಲಿ ಆ ಹೆಸರಿಗೆ ಸೂರ್ಯಕಾಂತಿ ಎಂದರ್ಥ. 2001ರ ಕೊನೆಗೆ ಅಲ್ಲಿ ಎಣ್ಣೆ ತೆಗೆಯುವುದು ಶುರುವಾಯಿತು. ಟ್ಯಾಂಕರ್ ಹಡಗುಗಳಿಗೆ ಎಣ್ಣೆ ತುಂಬಿಸಲು ಒಂದು ಬೋಯಾ, ಅಂದರೆ ಉಕ್ಕಿನ ದೊಡ್ಡ ತೇಲುಡ್ರಮ್ಮು, ಲಂಗರು ಹಾಕಿ ನಿಂತಿತ್ತು. ಅದರ ಸರಪಳಿಗಳು ದಶಕಗಳ ಕಾಲ ಬಾಳಬೇಕಿತ್ತು. ಒಂದು ವರ್ಷ ತುಂಬುವ ಮೊದಲೇ, 2002ರಲ್ಲಿ, ಕೆಲವು ಕಡಿದುಹೋದವು. ಅದು ಚಂಡಮಾರುತಗಳ ಕಡಲೂ ಅಲ್ಲ.

ಹಾಗಾದರೆ ಕಡಿದದ್ದು ಯಾವುದು? ಸಣ್ಣ ಅಲೆಗಳೇ. ಹತ್ತು ಸೆಕೆಂಡಿಗೆ ಒಂದು ಅಲೆ ಎಂದರೂ ವರ್ಷಕ್ಕೆ 30 ಲಕ್ಷಕ್ಕಿಂತ ಜಾಸ್ತಿ. ಪ್ರತಿ ಅಲೆಗೂ ಉಕ್ಕು ಒಂದಿಷ್ಟು ಬಿಗಿಯುತ್ತದೆ, ಸಡಿಲವಾಗುತ್ತದೆ. ಕಣ್ಣಿಗೆ ಕಾಣದ ಬಿರುಕು ಹುಟ್ಟಿ ನಿಧಾನಕ್ಕೆ ಬೆಳೆಯುತ್ತದೆ. ಇದೇ ಲೋಹದ ದಣಿವು.

ಜಿರಾಸೋಲ್‌ನಲ್ಲಿ ಎಂಜಿನಿಯರುಗಳು ಎಳೆತದ ಲೆಕ್ಕ ಹಾಕಿದ್ದರು. ಬಾಗುವುದರ ಲೆಕ್ಕ ಹಾಕಿರಲಿಲ್ಲ. ಸರಪಳಿ ಬಾಗುತ್ತದೆಯೇ? ಮನೆಯ ಉಯ್ಯಾಲೆ ನೋಡಿ, ಕೊಂಡಿಗಳು ಒಂದರ ಮೇಲೊಂದು ಉರುಳುತ್ತವೆ, ಬಾಗಬೇಕಾದ ಪ್ರಮೇಯವೇ ಇಲ್ಲ, ಅಲ್ವಾ? ಆದರೆ ಲಂಗರಿನ ಸರಪಳಿಯನ್ನು ಕಳಿಸುವ ಮೊದಲು ಭಾರೀ ಬಲದಿಂದ ಎಳೆದು ಪರೀಕ್ಷಿಸುತ್ತಾರೆ. ಆಗ ಕೊಂಡಿಗಳು ತಾಗುವ ಜಾಗ ಚಪ್ಪಟೆಯಾಗಿ, ಒಂದು ಇನ್ನೊಂದರಲ್ಲಿ ಗುಳಿ ಮಾಡಿಕೊಂಡು ಕೂರುತ್ತದೆ. ಕಡಲಿನಲ್ಲೂ ಬಿಗಿತ ಜಾಸ್ತಿ, ಹಾಗಾಗಿ ಘರ್ಷಣೆಯೂ ಜಾಸ್ತಿ. ಕೊಂಡಿ ಉರುಳುವುದೇ ಇಲ್ಲ. ಬೋಯಾ ಒಂದೆರಡು ಡಿಗ್ರಿ ತೊನೆದರೂ ಸರಪಳಿ ಸಲಾಕೆಯಂತೆ ಬಾಗುತ್ತದೆ. ಸರಪಳಿ ಬೋಯಾಗೆ ಸೇರುವಲ್ಲಿ ಅದನ್ನು ಹಿಡಿದಿರುವ ಕೊಳವೆಯ ಹಿಡಿತ ಮುಗಿಯುವ ಜಾಗದ ಕೊಂಡಿಗೇ ಆ ಪೆಟ್ಟೆಲ್ಲ. ಅದು ಅಲ್ಲೇ ಕಡಿಯಿತು.

ಈಗ ಬಿಗಿತದ ಜೊತೆಗೆ ಆ ಕೋನವನ್ನೂ ಅಳೆಯುತ್ತಾರೆ. ಸರಪಳಿಯ ಮೇಲ್ತುದಿಯಲ್ಲಿ ವಾಲುವಿಕೆ ಅಳೆಯುವ ಸೆನ್ಸರ್ ಇಡುತ್ತಾರೆ. ಲಂಗರು ಹಾಕಿ ನಿಂತ ಹಡಗು ಎಷ್ಟು ಸರಿಯಿತೆಂದು ಜಿಪಿಎಸ್ ಹೇಳುತ್ತದೆ. ನೀರೊಳಗೆ ರೋಬೋ ಕ್ಯಾಮೆರಾ ಇಳಿಸುತ್ತಾರೆ, ಆದರೆ ಪಾಚಿ, ಚಿಪ್ಪು ಮೆತ್ತಿದ ಕೊಂಡಿಯಲ್ಲಿ ಕೂದಲೆಳೆಯ ಬಿರುಕು ಕಾಣುವುದು ಕಷ್ಟ. ಹಾಗಾಗಿ ಲೆಕ್ಕವನ್ನೇ ನೆಚ್ಚಬೇಕು.

ಲೆಕ್ಕವೂ ಸುಲಭವಲ್ಲ. ಅಲೆಗಳು ಒಂದೇ ಅಳತೆಯವಲ್ಲ. ದೊಡ್ಡ ಏರಿಳಿತದೊಳಗೆ ಸಣ್ಣವು ಹುದುಗಿರುತ್ತವೆ. ಬಿಡಿಸಿ ಎಣಿಸುವ ದಾರಿಯನ್ನು 1968ರಲ್ಲಿ ಜಪಾನಿನ ತತ್ಸುವೊ ಎಂಡೊ ಮತ್ತು ಅವರ ಜೊತೆಗಾರರು ಕೊಟ್ಟರು. ಬಿಗಿತದ ಏರಿಳಿತವನ್ನು ತೋರಿಸುವ ಗೆರೆಯನ್ನು ನೆಟ್ಟಗೆ ನಿಲ್ಲಿಸಿದರೆ ಅದು ಪಗೋಡದ ಅಂತಸ್ತು ಅಂತಸ್ತಿನ ಚಾವಣಿಯಂತೆ ಕಾಣುತ್ತದೆ. ಮಳೆನೀರು ಸೂರಿನಿಂದ ಸೂರಿಗೆ ಇಳಿಯುವ ಹಾಗೆ ಅದನ್ನು ಓದುತ್ತಾ ಹೋದರೆ ಪ್ರತಿ ಏರಿಳಿತವೂ ಬೇರೆಯಾಗಿ ಸಿಗುತ್ತದೆ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು. ಏರಿಳಿತ ಎರಡರಷ್ಟಾದರೆ ಹಾನಿ ಸುಮಾರು ಎಂಟು ಪಟ್ಟು. ಆದ್ದರಿಂದ ಯಾವುದನ್ನೂ ಸುಮ್ನೆ ಸರಾಸರಿ ಹಾಕುವಂತಿಲ್ಲ.

ಸೆನ್ಸರನ್ನು ಕೊಂಡಿಗೆ ಪಟ್ಟಿಯಿಂದ ಬಿಗಿಯಬೇಕೇ ಹೊರತು ಬೆಸುಗೆ ಹಾಕಬಾರದು. 1980ರ ಮಾರ್ಚ್ 27ರಂದು ನಾರ್ವೆಯ ಕಡಲಿನಲ್ಲಿ ಅಲೆಕ್ಸಾಂಡರ್ ಕೀಲಾಂಡ್ ಎಂಬ ತೇಲುವೇದಿಕೆ ಮಗುಚಿ 123 ಜನ ಸತ್ತರು. ಅದರ ಒಂದು ಕೊಳವೆಗೆ, ನೀರೊಳಗಿನ ಸದ್ದು ಆಲಿಸುವ ಉಪಕರಣವೊಂದನ್ನು ಕೂರಿಸಲೆಂದು 6 ಮಿಲಿಮೀಟರಿನ ಬೆಸುಗೆ ಹಾಕಿದ್ದರು. ಬಿರುಕು ಹುಟ್ಟಿದ್ದು ಅಲ್ಲೇ. ಆ ಬಿರುಕಿನೊಳಗೆ ಬಣ್ಣ ಸಿಕ್ಕಿತು. ಅಂದರೆ ಬಣ್ಣ ಬಳಿದ ದಿನವೇ ಅದು ಅಲ್ಲಿತ್ತು.