ಇಬಿಟಿ ಕಾರ್ಡಿನಲ್ಲಿ ಅಕ್ಕಿ ಬರುತ್ತೆ, ಅಗರಬತ್ತಿ ಬರಲ್ಲ

ನ್ಯೂಜೆರ್ಸಿಯ ಒಂದು ಆರೋಗ್ಯ ಕೇಂದ್ರದಲ್ಲಿ ನಾನು ಆಹಾರ ಸಲಹೆಗಾರ್ತಿ. ಶುಗರ್, ಬಿಪಿ ಇರುವವರಿಗೆ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಹೇಳುವುದು ನನ್ನ ಕೆಲಸ. ಆದರೆ ನಮ್ಮ ಕಡೆಯ ಹಿರಿಯರು ಬಂದು ಕೂತರೆ ಮಾತು ಬೇಗ ಬೇರೆ ಕಡೆ ತಿರುಗುತ್ತದೆ. "ನೀನು ಹೇಳೋದೆಲ್ಲ ಸರಿ ಕಣಮ್ಮ. ರಾಗಿ ಹಿಟ್ಟು ಈ ಕಾರ್ಡಲ್ಲಿ ಕೊಡ್ತಾರಾ? ತುಪ್ಪ ತಗೊಂಡ್ರೆ ಯಾರೂ ಏನೂ ಅನ್ನಲ್ವಾ?"

ಕೊಡುತ್ತಾರೆ. ಯಾರೂ ಏನೂ ಅನ್ನುವ ಹಾಗಿಲ್ಲ. ಇಷ್ಟು ಸರಳ ಉತ್ತರ ಗೊತ್ತಿಲ್ಲದೆ ಎಷ್ಟೋ ಜನ ಸರ್ಕಾರದ ಆಹಾರ ಸಹಾಯದ ಇಬಿಟಿ ಕಾರ್ಡನ್ನು ಪರ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದರ ಬಗ್ಗೆ.

ಅಮೆರಿಕದಲ್ಲಿ ಆದಾಯ ಕಡಿಮೆ ಇರುವವರಿಗೆ ಸರ್ಕಾರ ಕೊಡುವ ಆಹಾರ ಸಹಾಯಕ್ಕೆ ಸ್ನ್ಯಾಪ್ ಅಂತ ಹೆಸರು. 2008ರವರೆಗೆ ಇದನ್ನು ಫುಡ್ ಸ್ಟ್ಯಾಂಪ್ ಅನ್ನುತ್ತಿದ್ದರು. ಹಳಬರು ಈಗಲೂ ಹಾಗೇ ಅನ್ನುತ್ತಾರೆ. ಪ್ರತಿ ತಿಂಗಳು ಇಬಿಟಿ ಕಾರ್ಡಿಗೆ ದುಡ್ಡು ಬೀಳುತ್ತದೆ. ಅಂಗಡಿಯಲ್ಲಿ ಕಾರ್ಡು ಉಜ್ಜಿ ನಾಲ್ಕಂಕಿಯ ಪಿನ್ ಒತ್ತಿದರೆ ಆಯಿತು. 2024ರ ಲೆಕ್ಕದಲ್ಲಿ ಸುಮಾರು 4.2 ಕೋಟಿ ಜನ ಇದನ್ನು ಪಡೆಯುತ್ತಿದ್ದರು. ಅಂದರೆ ಈ ದೇಶದಲ್ಲಿ ಎಂಟು ಜನರಲ್ಲಿ ಒಬ್ಬರು. ಸರಾಸರಿ ನೋಡಿದರೆ ಒಬ್ಬರಿಗೆ ದಿನಕ್ಕೆ ಸುಮಾರು 6 ಡಾಲರ್. ಅಷ್ಟರಲ್ಲಿ ಮೂರು ಹೊತ್ತು ಕಳೆಯಬೇಕು. ಹಾಗಾಗಿ ಒಂದೊಂದು ಡಾಲರೂ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಅಂತ ತಿಳಿದಿರಬೇಕು.

ಕಾನೂನು ನೋಡುವುದು ಮುಖ್ಯವಾಗಿ ಒಂದನ್ನೇ. ಇದು ಮನೆಗೆ ಒಯ್ದು ತಿನ್ನುವ ಆಹಾರವೇ? ಹೌದಾದರೆ ಬರುತ್ತದೆ. ಆರೋಗ್ಯಕ್ಕೆ ಒಳ್ಳೆಯದಾ, ದುಬಾರಿಯಾ, ಯಾವ ದೇಶದ್ದು ಅನ್ನುವುದೆಲ್ಲ ಅದಕ್ಕೆ ಬೇಡ. ಸೋನಾ ಮಸೂರಿ, ತೊಗರಿಬೇಳೆ, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ತೆಂಗಿನಕಾಯಿ, ಪ್ಯಾಕೆಟ್ಟಿನ ಇಡ್ಲಿ ಹಿಟ್ಟು, ತುಪ್ಪ, ಮೊಸರು, ಮೀನು, ಮಾಂಸ ಎಲ್ಲವೂ ಸೈ. ಮೊಮ್ಮಗುವಿನ ಬರ್ತ್‌ಡೇ ಕೇಕ್ ಕೂಡ ಬರುತ್ತದೆ. ಕೇಕಿನ ಮೇಲಿರುವ ತಿನ್ನಲಾಗದ ಅಲಂಕಾರದ ಬೆಲೆ ಒಟ್ಟು ಬೆಲೆಯ ಅರ್ಧಕ್ಕಿಂತ ಜಾಸ್ತಿ ಇರಬಾರದು, ಅಷ್ಟೇ. ಒಂದೇ ಒಂದು ಷರತ್ತು: ಆ ಅಂಗಡಿಗೆ ಸ್ನ್ಯಾಪ್ ಅನುಮತಿ ಇರಬೇಕು. ನಮ್ಮ ಇಂಡಿಯನ್ ಅಂಗಡಿಗಳಲ್ಲೂ ಅನುಮತಿ ಪಡೆದವು ಇವೆ. ಬಾಗಿಲ ಮೇಲೆ ಚೀಟಿ ಕಾಣದಿದ್ದರೆ ಒಳಗೆ ಹೋಗಿ ಕೇಳಿ.

ತೊಂದರೆ ಶುರುವಾಗುವುದು ಇಂಡಿಯನ್ ಅಂಗಡಿಯ ಗಾಡಿಯಲ್ಲಿ ಅಡುಗೆ ಸಾಮಾನಿನ ಜೊತೆ ದೇವರ ಸಾಮಾನು, ಔಷಧಿ, ಸೋಪು ಎಲ್ಲ ಒಟ್ಟಿಗೆ ಬಂದಾಗ. ಅರಿಶಿನ ಪುಡಿ ಬರುತ್ತದೆ, ಕುಂಕುಮ ಬರುವುದಿಲ್ಲ. ಅಡುಗೆಗೆ ಅಂತ ಮಾರುವ ಎಳ್ಳೆಣ್ಣೆ ಬರುತ್ತದೆ, ದೀಪದ ಎಣ್ಣೆ ಬರುವುದಿಲ್ಲ. ತಲೆಗೆ ಹಚ್ಚುವ ಎಣ್ಣೆ, ಕರ್ಪೂರ, ಅಗರಬತ್ತಿ, ಪಾತ್ರೆ ತೊಳೆಯುವ ಸೋಪು, ಟಿಶ್ಯೂ, ಮಗುವಿನ ಡೈಪರ್ ಯಾವುದೂ ಇಲ್ಲ. ಮದ್ಯ, ಸಿಗರೇಟು ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ.

ನನ್ನ ಹತ್ತಿರ ಬರುವವರು ಹೆಚ್ಚು ಎಡವುವುದು ಇಸಬ್‌ಗೋಲಿನಲ್ಲಿ. ಮಲಬದ್ಧತೆಗೆ ನಾವೇ ಹೇಳಿರುತ್ತೇವೆ, ಅಂಗಡಿಯಲ್ಲಿ ಕಾರ್ಡು ಬೇಡ ಅನ್ನುತ್ತದೆ. ಆಗ ಡಬ್ಬ ತಿರುಗಿಸಿ ಹಿಂದೆ ನೋಡಿ. ಕಪ್ಪು ಗೆರೆಯ ಚೌಕದ ತಲೆಯಲ್ಲಿ 'ನ್ಯೂಟ್ರಿಶನ್ ಫ್ಯಾಕ್ಟ್ಸ್' ಅಂತಿದ್ದರೆ ಅದು ಆಹಾರ. 'ಸಪ್ಲಿಮೆಂಟ್ ಫ್ಯಾಕ್ಟ್ಸ್' ಅಂತಿದ್ದರೆ ಅಲ್ಲ. ಡಬ್ಬದ ಮೇಲೆ ಔಷಧಿ ಅಂತ ಚೀಟಿ ಇದ್ದರೂ ಅಲ್ಲ. ಒಳಗಿರುವ ವಸ್ತು ಒಂದೇ ಆದರೂ ಚೀಟಿಯ ಮೇಲೆ ತೀರ್ಮಾನ ಆಗುತ್ತದೆ. ಚ್ಯವನಪ್ರಾಶ, ವಿಟಮಿನ್ ಮಾತ್ರೆ, ಪ್ರೋಟೀನ್ ಪುಡಿ ಎಲ್ಲಕ್ಕೂ ಇದೇ ಪರೀಕ್ಷೆ. ಇಸಬ್‌ಗೋಲು ಸಿಗದಿದ್ದರೆ ಚಿಂತೆ ಬೇಡ. ನಾರಿನಂಶಕ್ಕೆ ಹೆಸರುಕಾಳು, ಹುರುಳಿ, ಸೊಪ್ಪು, ಸೀಬೆಹಣ್ಣು ಇವೆಯಲ್ಲ, ಅವೆಲ್ಲ ಕಾರ್ಡಿನಲ್ಲೇ ಬರುತ್ತವೆ.

ಎರಡನೇ ಗೊಂದಲ ಬಿಸಿ ಊಟದ್ದು. ಕೌಂಟರಿನ ಗಾಜಿನ ಪೆಟ್ಟಿಗೆಯಲ್ಲಿ ಬಿಸಿ ಸಮೋಸ ಇದೆ, ಪಕ್ಕದ ಫ್ರೀಜರಿನಲ್ಲಿ ಅದೇ ಸಮೋಸ ಗಟ್ಟಿಯಾಗಿ ಕೂತಿದೆ. ಫ್ರೀಜರಿನದ್ದು ಬರುತ್ತದೆ, ಬಿಸಿಯದ್ದು ಬರುವುದಿಲ್ಲ. ಮಾರುವ ಹೊತ್ತಿಗೆ ಬಿಸಿ ಇದ್ದರೆ ಅದು ಹೋಟೆಲ್ ಊಟದ ಲೆಕ್ಕ. ನನಗೆ ಇದು ಒಪ್ಪಿಗೆಯಿಲ್ಲ, ಬಾಯಿಬಿಟ್ಟು ಹೇಳುತ್ತೇನೆ. ಮಂಡಿನೋವಿನಿಂದ ಒಲೆಯ ಮುಂದೆ ಹತ್ತು ನಿಮಿಷ ನಿಲ್ಲಲಾಗದ ಎಪ್ಪತ್ತೆಂಟರ ಅಜ್ಜಿಗೆ ಬಿಸಿ ಸಾರು ಕೊಳ್ಳಲು ಬಿಡದ ನಿಯಮ ಯಾರಿಗೆ ಒಳ್ಳೆಯದು ಮಾಡುತ್ತದೆ? ಕ್ಯಾಲಿಫೋರ್ನಿಯಾ, ಅರಿಜೋನಾದಂಥ ಕೆಲವು ರಾಜ್ಯಗಳು ವಯಸ್ಸಾದವರಿಗೆ, ಅಂಗವಿಕಲರಿಗೆ, ಮನೆಯಿಲ್ಲದವರಿಗೆ ಗೊತ್ತುಪಡಿಸಿದ ಹೋಟೆಲುಗಳಲ್ಲಿ ಕಾರ್ಡು ಬಳಸಲು ಬಿಟ್ಟಿವೆ. ಬಿಸಿ ರೋಸ್ಟ್ ಕೋಳಿಗೆ ಅವಕಾಶ ಕೊಡಿ ಅನ್ನುವ ಮಸೂದೆಯೊಂದು 2025ರಲ್ಲಿ ಸೆನೆಟ್ಟಿಗೂ ಬಂತು. ಇದು ಎಲ್ಲ ಕಡೆ ಬರಬೇಕು.

ಜನರಿಗೆ ಗೊತ್ತೇ ಇಲ್ಲದ ಒಂದು ಸೌಲಭ್ಯ ಬೀಜ ಮತ್ತು ಸಸಿ. ತಿನ್ನುವಂಥದ್ದನ್ನು ಬೆಳೆಯುವ ಗಿಡವನ್ನು ಈ ಕಾರ್ಡಿನಲ್ಲೇ ಕೊಳ್ಳಬಹುದು. ಮೆಂತ್ಯ, ಕೊತ್ತಂಬರಿ, ಬದನೆ, ಟೊಮೆಟೊ ಎಲ್ಲ ಆಗುತ್ತದೆ. ಸ್ನ್ಯಾಪ್ ತೆಗೆದುಕೊಳ್ಳುವ ಅಂಗಡಿಯಲ್ಲಿ ಕರಿಬೇವಿನ ಸಸಿ ಸಿಕ್ಕರೆ ಅದೂ ಆಗುತ್ತದೆ. ಇಲ್ಲಿ ಒಂದು ಹಿಡಿ ಕರಿಬೇವಿಗೆ ಕೊಡುವ ದುಡ್ಡು ನೆನೆಸಿಕೊಂಡರೆ ಕುಂಡದ ಗಿಡ ಎಷ್ಟು ಉಳಿಸುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಮನೆಯೊಳಗೆ ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಿ, ನೀರು ಕಡಿಮೆ ಹಾಕಿ.

ಇನ್ನು ಈಚೆಗೆ ದೊಡ್ಡದಾಗಿ ಬದಲಾಗುತ್ತಿರುವ ವಿಷಯ. ಇಷ್ಟು ದಿನ ಕೋಲಾ, ಚಾಕೊಲೇಟು ಎಲ್ಲ ಕಡೆ ಬರುತ್ತಿದ್ದವು. 2025ರ ಮೇ ತಿಂಗಳಲ್ಲಿ ನೆಬ್ರಾಸ್ಕಾ ರಾಜ್ಯಕ್ಕೆ ಸೋಡಾ, ಎನರ್ಜಿ ಡ್ರಿಂಕ್ ತಡೆಯಲು ಕೇಂದ್ರ ಸರ್ಕಾರ ಮೊದಲು ಒಪ್ಪಿಗೆ ಕೊಟ್ಟಿತು. ಆಮೇಲೆ ಅಯೋವಾ, ಇಂಡಿಯಾನಾ, ಯೂಟಾ, ವೆಸ್ಟ್ ವರ್ಜೀನಿಯಾ ಹೀಗೆ ಸಾಲು ಬೆಳೆಯಿತು. ಈ ಐದೂ ಕಡೆ ಜಾರಿಗೆ ಗೊತ್ತುಮಾಡಿದ ದಿನ 2026ರ ಜನವರಿ 1. ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಬೇರೆ ರಾಜ್ಯದಲ್ಲಿರುವ ಮಗಳ ಮನೆಗೆ ಹೋದಾಗ ಅಲ್ಲಿನ ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಸೋಡಾ ಬಿಡಿ ಅಂತ ದಿನವೂ ಹೇಳುವವಳು ನಾನೇ. ಆದರೂ ನಿಷೇಧಕ್ಕಿಂತ ತರಕಾರಿಗೆ ಕೈಹಿಡಿಯುವುದು ಮೇಲು ಅಂತ ನನ್ನ ಅಭಿಪ್ರಾಯ. ಇದಕ್ಕೆ ಆಧಾರವೂ ಇದೆ. 2011-12ರಲ್ಲಿ ಮ್ಯಾಸಚೂಸೆಟ್ಸ್‌ನ ಹ್ಯಾಂಪ್ಡೆನ್ ಕೌಂಟಿಯಲ್ಲಿ ಸರ್ಕಾರವೇ ಒಂದು ಪ್ರಯೋಗ ಮಾಡಿತು. ಹಣ್ಣು ತರಕಾರಿಗೆ ಖರ್ಚು ಮಾಡಿದ ಪ್ರತಿ ಡಾಲರಿಗೆ 30 ಸೆಂಟ್ ಕಾರ್ಡಿಗೆ ವಾಪಸ್ ಹಾಕಿತು. ಆ ಜನ ಉಳಿದವರಿಗಿಂತ ಶೇಕಡಾ 26ರಷ್ಟು ಹೆಚ್ಚು ಹಣ್ಣು ತರಕಾರಿ ತಿಂದರು. ನಮ್ಮ ನ್ಯೂಜೆರ್ಸಿಯಲ್ಲಿ 'ಗುಡ್ ಫುಡ್ ಬಕ್ಸ್' ಅಂತ ಒಂದು ಯೋಜನೆ ಇದೆ. ಅದರಲ್ಲಿ ಸೇರಿರುವ ರೈತರ ಸಂತೆಗಳಲ್ಲಿ ಸ್ನ್ಯಾಪ್ ದುಡ್ಡಿನಲ್ಲಿ ಕೊಂಡರೆ ತಾಜಾ ಹಣ್ಣು ತರಕಾರಿಗೆ ಹೆಚ್ಚುವರಿ ಹಣ ಸೇರಿಸಿ ಕೊಡುತ್ತಾರೆ. ಬೇಸಿಗೆಯಲ್ಲಿ ಬೀನ್ಸು, ಸೊಪ್ಪು, ಜೋಳ ಬರುವಾಗ ಇದನ್ನು ಬಿಡಬೇಡಿ.

ಕೌಂಟರಿನಲ್ಲಿ ನಾಚಿಕೆ ಆಗುತ್ತದೆ ಅನ್ನುವವರೇ ಜಾಸ್ತಿ. ಹಿಂದೆ ಸಾಲು ನಿಂತಿರುತ್ತದೆ, ಯಾವುದೋ ಸಾಮಾನು ಕಾರ್ಡಿನಲ್ಲಿ ಆಗಲ್ಲ ಅಂದಾಗ ಎಲ್ಲವನ್ನೂ ಬಿಟ್ಟು ಬಂದವರಿದ್ದಾರೆ. ಬಿಡಬೇಡಿ. ದೊಡ್ಡ ಅಂಗಡಿಗಳಲ್ಲಿ ಯಂತ್ರವೇ ಬೇರೆ ಮಾಡಿ, ಉಳಿದದ್ದಕ್ಕೆ ಇಷ್ಟು ಕೊಡಿ ಅನ್ನುತ್ತದೆ. ಚಿಕ್ಕ ಅಂಗಡಿಯಾದರೆ ಆಹಾರ ಮುಂದೆ, ಬೇರೆ ಸಾಮಾನು ಹಿಂದೆ, ಹೀಗೆ ಬೆಲ್ಟಿನ ಮೇಲೆ ಎರಡು ಗುಂಪು ಮಾಡಿ ಇಡಿ. ಸ್ನ್ಯಾಪ್ ದುಡ್ಡಿನಲ್ಲಿ ಕೊಂಡದ್ದಕ್ಕೆ ಸೇಲ್ಸ್ ಟ್ಯಾಕ್ಸ್ ಹಾಕುವಂತಿಲ್ಲ, ಬಿಲ್ಲು ನೋಡಿಕೊಳ್ಳಿ. ಮನೆಗೆ ತರಿಸಿಕೊಂಡರೆ ಸಾಮಾನಿಗೆ ಕಾರ್ಡು ಆಗುತ್ತದೆ, ಡೆಲಿವರಿ ಚಾರ್ಜಿಗೆ ಆಗುವುದಿಲ್ಲ.

"ಬಿಡಿ ಆಂಟಿ, ಅಗರಬತ್ತಿನೂ ಬೇಳೆ ಅಂತ ಹಾಕ್ತೀನಿ" ಅನ್ನುವ ಅಂಗಡಿಯವರು ಸಿಗಬಹುದು. ಕಾರ್ಡಿನ ಬದಲು ನಗದು ಕೊಡುತ್ತೇನೆ ಅನ್ನುವವರೂ ಸಿಗಬಹುದು. ದಯವಿಟ್ಟು ಒಪ್ಪಬೇಡಿ. ಅದು ಅಪರಾಧ. ಸಿಕ್ಕಿಬಿದ್ದರೆ ಅಂಗಡಿಯ ಅನುಮತಿ ಹೋಗುತ್ತದೆ, ನಿಮ್ಮ ಸಹಾಯವೂ ನಿಲ್ಲಬಹುದು.

ಯಾರಿಗೆ ಸಿಗುತ್ತದೆ ಅನ್ನುವುದು ಇನ್ನೊಂದು ದೊಡ್ಡ ಅಂಕಣದ ವಿಷಯ. ಎರಡು ಮಾತು ಮಾತ್ರ ಹೇಳುತ್ತೇನೆ. ಎಚ್-1ಬಿ ವೀಸಾದವರಿಗೆ ಇದಿಲ್ಲ. ಗ್ರೀನ್ ಕಾರ್ಡ್ ಇರುವ ದೊಡ್ಡವರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಒಂದೇ ಮನೆಯಲ್ಲಿದ್ದು, ಒಟ್ಟಿಗೆ ಸಾಮಾನು ತಂದು ಒಟ್ಟಿಗೆ ಅಡುಗೆ ಮಾಡುವವರನ್ನು ಒಂದೇ ಕುಟುಂಬ ಅಂತ ಲೆಕ್ಕ ಹಾಕುತ್ತಾರೆ. ಹಾಗಾಗಿ ಮಗ ಸೊಸೆಯ ಜೊತೆ ಒಂದೇ ಒಲೆಯಲ್ಲಿ ಉಣ್ಣುವ ಅಪ್ಪ ಅಮ್ಮನಿಗೆ ಮಗನ ಸಂಬಳವೂ ಲೆಕ್ಕಕ್ಕೆ ಬರುತ್ತದೆ. ಬೇರೆಯೇ ಇರುವ ಹಿರಿಯರು ಮಾತ್ರ ಅರ್ಜಿ ಹಾಕಲು ಹಿಂಜರಿಯಬೇಡಿ. 2023ರಲ್ಲಿ ನ್ಯೂಜೆರ್ಸಿ ತಿಂಗಳ ಕನಿಷ್ಠ ಮೊತ್ತವನ್ನು 95 ಡಾಲರಿಗೆ ಏರಿಸಿತು. ಒಬ್ಬರಿಗೆ ಅಕ್ಕಿ, ಬೇಳೆ, ಎಣ್ಣೆಯ ಖರ್ಚು ಅದರಲ್ಲಿ ಕಳೆಯುತ್ತದೆ.

ಈ ತಿಂಗಳು ಉಳಿದ ದುಡ್ಡು ಮುಂದಿನ ತಿಂಗಳಿಗೆ ಸೇರುತ್ತದೆ, ಅದೇನೂ ಹೋಗುವುದಿಲ್ಲ. ಆದರೆ ಕಾರ್ಡನ್ನು ಒಂಬತ್ತು ತಿಂಗಳು ಮುಟ್ಟದೇ ಇದ್ದರೆ ಹಳೆಯ ದುಡ್ಡನ್ನು ವಾಪಸ್ ತೆಗೆದುಕೊಳ್ಳುತ್ತಾರೆ. ಊರಿಗೆ ಹೋಗುವ ಯೋಚನೆ ಇದ್ದರೆ ಮೊದಲೇ ಕೌಂಟಿ ಕಚೇರಿಗೆ ತಿಳಿಸಿ. ಪಿನ್ ಯಾರಿಗೂ ಹೇಳಬೇಡಿ, ಆಗಾಗ ಬದಲಿಸಿ. ನಕಲಿ ಯಂತ್ರ ಇಟ್ಟು ಕಾರ್ಡಿನ ದುಡ್ಡು ಕದಿಯುವವರಿದ್ದಾರೆ. ಹಾಗೆ ಹೋದದ್ದನ್ನು ತುಂಬಿಕೊಡುತ್ತಿದ್ದ ಕೇಂದ್ರದ ವ್ಯವಸ್ಥೆ 2024ರ ಡಿಸೆಂಬರ್ 20ಕ್ಕೆ ಮುಗಿದಿದೆ. ಎಷ್ಟು ಉಳಿದಿದೆ ಅಂತ ನೋಡಲು ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ, ಇಲ್ಲವೇ ಕಳೆದ ಬಿಲ್ಲಿನಲ್ಲಿ ನೋಡಿ.