ಈ ಗೆಲಾಕ್ಸಿಯ ಬಿಸಿ ಎಷ್ಟು?

ಕಂಪ್ಯೂಟರಿನೊಳಗೆ ಹುಟ್ಟಿದ ಗೆಲಾಕ್ಸಿಗೆ ಫೋಟೋ ಇರುವುದಿಲ್ಲ. ಗುರುತ್ವ, ಅನಿಲದ ಹರಿವು, ನಕ್ಷತ್ರಗಳ ಹುಟ್ಟು ಇವುಗಳ ಸಮೀಕರಣಗಳನ್ನು ಸೂಪರ್ ಕಂಪ್ಯೂಟರ್ ಬಿಡಿಸುತ್ತಾ ಹೋಗುತ್ತದೆ. ಕೊನೆಗೆ ಕೈಗೆ ಸಿಗುವುದು ಅಂಕಿಗಳ ರಾಶಿ. ಗೆಲಾಕ್ಸಿಯ ಜಾಗವನ್ನೆಲ್ಲ 'ಕೋಶ'ಗಳೆಂಬ ಡಬ್ಬಿಗಳಾಗಿ ಹಂಚಿರುತ್ತದೆ; ಈ ಕೋಶದಲ್ಲಿ ಸಾಂದ್ರತೆ ಇಷ್ಟು, ಉಷ್ಣತೆ ಇಷ್ಟು, ವೇಗ ಇಷ್ಟು. ಕೋಶಗಳೂ ಒಂದೇ ಅಳತೆಯವಲ್ಲ. ಮಂಡ್ಯದ ನಾಲೆ ಬಯಲಿನಲ್ಲಿ ಗದ್ದೆ ಸಣ್ಣ ಸಣ್ಣ ತಾಕುಗಳಾಗಿ ಒಡೆದಿರುತ್ತದೆ, ನೀರು ಹತ್ತದ ಬೆದ್ದಲು ಅಗಲಕ್ಕೆ ಬಿದ್ದಿರುತ್ತದೆ. 'ಎಂಜೋ'ದಂಥ ತಂತ್ರಾಂಶ ಕಟ್ಟುವ ಗೆಲಾಕ್ಸಿಯೂ ಹಾಗೆಯೇ: ಅನಿಲ ದಟ್ಟವಾದಲ್ಲಿ ಕೋಶ ಪುಟ್ಟದು, ತೆಳುವಾದಲ್ಲಿ ದೊಡ್ಡದು.

ಈ ರಾಶಿಯನ್ನು ಚಿತ್ರವಾಗಿಸಲು 'ವೈಟಿ' ಎಂಬ ಮುಕ್ತ ತಂತ್ರಾಂಶವಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಮೂರ್ನಾಲ್ಕು ಸಾಲಿನ ಕೆಲಸ. ಎಂಜೋ ದತ್ತಾಂಶಕ್ಕೆಂದು ಖಭೌತವಿಜ್ಞಾನಿ ಮ್ಯಾಥ್ಯೂ ಟರ್ಕ್ ಶುರುಮಾಡಿದ್ದು. 2011ರಲ್ಲಿ ಅವರೂ ಸಂಗಡಿಗರೂ ಇದರ ಬಗ್ಗೆ ಪ್ರಬಂಧ ಪ್ರಕಟಿಸುವ ಹೊತ್ತಿಗೆ ಬೇರೆ ತಂತ್ರಾಂಶಗಳ ಫೈಲುಗಳನ್ನೂ ಓದುವಷ್ಟು ಬೆಳೆದಿತ್ತು.

ಮಂಡ್ಯದಿಂದ ಮಾನಸಗಂಗೋತ್ರಿಗೆ ರೈಲಿನಲ್ಲಿ ಓಡಾಡುವ ಎಂಎಸ್ಸಿ ಹುಡುಗಿಯೊಬ್ಬಳು ಮೊನ್ನೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಉಷ್ಣತೆಯ ಚಿತ್ರ ಚೆನ್ನಾಗಿಯೇ ಬಂದಿತ್ತು. ಪಕ್ಕದ ಬಣ್ಣಪಟ್ಟಿಯಲ್ಲಿ ಮಾತ್ರ 'ಕೆಲ್ವಿನ್ × ಸೆಂಟಿಮೀಟರ್' ಎಂದಿತ್ತು. "ಇದೆಂಥ ಮಾನ ಸಾರ್?"

ಒಳ್ಳೆಯ ಪ್ರಶ್ನೆ. ಗೆಲಾಕ್ಸಿಯನ್ನು ನಡುವೆ ಕೊಯ್ದು ಒಂದು ಪದರವನ್ನಷ್ಟೇ ನೋಡುವುದು 'ಸ್ಲೈಸ್'. ಅವಳು ಮಾಡಿದ್ದು 'ಪ್ರೊಜೆಕ್ಷನ್', ಅಂದರೆ ನೋಟದ ಗೆರೆಯುದ್ದಕ್ಕೂ ಎಲ್ಲವನ್ನೂ ಕೂಡಿಸುವುದು. ಸಾಂದ್ರತೆಯನ್ನು ಉದ್ದಕ್ಕೆ ಗುಣಿಸಿ ಕೂಡಿಸಿದರೆ ಅರ್ಥವಿದೆ: ಒಂದು ಚದರ ಸೆಂಟಿಮೀಟರಿನ ಹಿಂದೆ ಎಷ್ಟು ಗ್ರಾಂ ಅನಿಲವಿದೆ ಎಂದು ತಿಳಿಯುತ್ತದೆ. ಉಷ್ಣತೆಯನ್ನು ಹಾಗೆ ಕೂಡಿಸಿದರೆ ಬರುವುದಕ್ಕೆ ತಲೆಬುಡವಿಲ್ಲ. ತಂತ್ರಾಂಶ ಅದನ್ನು ಮುಚ್ಚಿಡದೆ ಮಾನದಲ್ಲೇ ಬರೆದು ತೋರಿಸಿತ್ತು. ವೈಟಿ ನನಗೆ ಹಿಡಿಸುವುದೇ ಇದಕ್ಕೆ.

ಹಾಗಾದರೆ ಸರಾಸರಿ ತೆಗೆಯಬೇಕು. ಯಾವ ಸರಾಸರಿ? ಒಂದೇ ಗೆರೆಯ ಮೇಲೆ ಸಮ ಉದ್ದದ ಎರಡು ಕೋಶಗಳಿವೆ ಎನ್ನಿ. ಒಂದರಲ್ಲಿ 10,000 ಕೆಲ್ವಿನ್‌ನ ದಟ್ಟ ಅನಿಲ. ಇನ್ನೊಂದರಲ್ಲಿ 10 ಲಕ್ಷ ಕೆಲ್ವಿನ್. ಆದರೆ ಸಾಂದ್ರತೆ ಮೊದಲನೆಯದರ ಸಾವಿರದಲ್ಲೊಂದು ಪಾಲು. ಉದ್ದವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಸರಾಸರಿ 5,05,000 ಕೆಲ್ವಿನ್. ಸಾಂದ್ರತೆಯ ತೂಕ ಕೊಟ್ಟರೆ, ಅಂದರೆ ದಟ್ಟ ಕೋಶದ ಮಾತಿಗೆ ಅಷ್ಟೇ ಹೆಚ್ಚು ಬೆಲೆ ಕೊಟ್ಟರೆ, ಸುಮಾರು 11,000! ಫೈಲು ಅದೇ, ಅನಿಲವೂ ಅದೇ. ಮೊದಲ ಚಿತ್ರದಲ್ಲಿ ಗೆಲಾಕ್ಸಿ ಕೆಂಡದಂತಿರುತ್ತದೆ, ಎರಡನೆಯದರಲ್ಲಿ ತಣ್ಣಗಿನ ತಟ್ಟೆ. ಎರಡೂ ಸುಳ್ಳಲ್ಲ. ಜಾಗವನ್ನು ತುಂಬಿಕೊಂಡಿರುವುದು ಯಾವ ಅನಿಲ ಎಂಬುದಕ್ಕೆ ಮೊದಲನೆಯದು ಉತ್ತರ, ದ್ರವ್ಯವೆಲ್ಲ ಎಲ್ಲಿದೆ ಎಂಬುದಕ್ಕೆ ಎರಡನೆಯದು. ಎಕ್ಸ್‌ರೇ ದೂರದರ್ಶಕ ಕಂಡದ್ದರ ಜೊತೆ ಹೋಲಿಸಬೇಕಾದರೆ ತೂಕ ಮತ್ತೆ ಬೇರೆ. ಬಿಸಿ ಅನಿಲ ಸೂಸುವ ಎಕ್ಸ್‌ರೇ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ: ಸಾಂದ್ರತೆ ಎರಡು ಪಟ್ಟಾದರೆ ಎಕ್ಸ್‌ರೇ ನಾಲ್ಕು ಪಟ್ಟು.

ಬಣ್ಣದ ವಿಷಯ ಇದರ ಮುಂದೆ ಸಣ್ಣದು, ಆದರೂ ಹೇಳಬೇಕು. ಗೆಲಾಕ್ಸಿಯ ನಡುವಿಗೂ ಅಂಚಿಗೂ ಸಾಂದ್ರತೆ ಸಾವಿರಾರು ಪಟ್ಟು ಬೇರೆಯಿರುವುದರಿಂದ ಮೆಟ್ಟಿಲಿಗೆ ಹತ್ತು ಪಟ್ಟು ಏರುವಂಥ ಲಾಗರಿದಮ್ ಅಳತೆ ಬೇಕೇ ಬೇಕು. ಕಾಮನಬಿಲ್ಲಿನ ಬಣ್ಣಪಟ್ಟಿಯನ್ನು ನಾನಂತೂ ಬಳಸುವುದಿಲ್ಲ. ಹಳದಿ ಬರುವಲ್ಲಿ ಇಲ್ಲದ ಅಂಚೊಂದು ಕಣ್ಣಿಗೆ ಹೊಡೆಯುತ್ತದೆ.

ಕೈಯಾಡಿಸಬೇಕೆನ್ನುವವರಿಗೆ 'ಐಸೊಲೇಟೆಡ್ ಗೆಲಾಕ್ಸಿ' ಎಂಬ ಮಾದರಿ ದತ್ತಾಂಶ ಬಿಟ್ಟಿಯಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪೇ ಸಾಕು. ಉಷ್ಣತೆಯ ಚಿತ್ರವನ್ನು ತೂಕ ಬದಲಿಸಿ ಎರಡು ಸಲ ತೆಗೆಯಿರಿ, ಯಾವುದಕ್ಕೆ ಯಾವ ತೂಕ ಎಂದು ಕೆಳಗೆ ಬರೆದಿಡಿ. ಅಚ್ಚಾದ ಎಷ್ಟೋ ಚಿತ್ರಗಳ ಅಡಿಯಲ್ಲಿ ಆ ಒಂದು ಸಾಲೇ ಇರುವುದಿಲ್ಲ.